ಪರ್ಸೆಂಟೇಜ್ ಎಷ್ಟು?

ನಮ್ಮ ಅಜ್ಜಿಯ ಬಾಯಲ್ಲಿ 'ಭಿನ್ನ' ಎಂಬ ಶಬ್ದ ಬಂತೆಂದರೆ ಏನೋ ಒಡೆದಿದೆ ಎಂದೇ ಅರ್ಥ. ದೇವರ ಕೋಣೆಯ ಕಲ್ಲಿನ ಗಣಪತಿಯ ಸೊಂಡಿಲು ಒಮ್ಮೆ ಮುಕ್ಕಾಯಿತು. "ಭಿನ್ನ ಆಯ್ತು, ಇನ್ನು ಇಡ್ಲಿಕ್ಕಿಲ್ಲ" ಎಂದು ಅಜ್ಜಿ ಅದನ್ನು ಬಾಳೆಯೆಲೆಯಲ್ಲಿ ಸುತ್ತಿ ಹೊಳೆಗೆ ಬಿಟ್ಟು ಬಂದಳು. ನಾನು ಮಾತು ಕಲಿತದ್ದು ಅವಳಿಂದ. ಆ ಶಬ್ದಕ್ಕೆ 'ಬೇರೆ' ಎಂಬ ಸಾಧು ಅರ್ಥವೂ ಇದೆ ಎಂದು ಆಮೇಲೆ ಶಾಲೆಯಲ್ಲಿ ಹೇಳಿಕೊಟ್ಟರು. ಆದರೆ ನನ್ನ ಕಿವಿಗೆ ಮೊದಲು ಬಿದ್ದದ್ದು ಹೊಳೆಪಾಲಾದ ಗಣಪತಿ.

ನಾನು ಗಂಡು ಎಂದು ಬರೆಸಿಕೊಂಡು ಹುಟ್ಟಿದವಳು. ಹೆಣ್ಣಾಗಿ ಬದುಕತೊಡಗಿದಾಗ ಊರು ಏನೇನೋ ಹೆಸರಿಟ್ಟಿತು. ಅಮ್ಮ ಏನನ್ನೂ ಬದಲಿಸಬೇಕಾಗಲಿಲ್ಲ. ನಮ್ಮ ಕಡೆ ಮಗನಿಗೂ ಮಗಳಿಗೂ ಮುದ್ದಿನಲ್ಲಿ 'ಮಗಾ' ಎಂದೇ ಕರೆಯುವುದು. ಜಿಲ್ಲೆಯ ಕಚೇರಿಯಿಂದ ಟ್ರಾನ್ಸ್‌ಜೆಂಡರ್ ಎಂಬ ಗುರುತಿನ ಚೀಟಿಯೂ ಬಂತು. ನಾನು ಯಾರೆಂದು ನಾನೇ ಬರೆದುಕೊಟ್ಟರೆ ಸಾಕಿತ್ತು, ಯಾವ ಡಾಕ್ಟರೂ ಮುಟ್ಟಿ ನೋಡಬೇಕಿರಲಿಲ್ಲ. ಆಗಿನ ಕಾನೂನು ಹಾಗಿತ್ತು. ರೇಷನ್ ಕಾರ್ಡಿನಲ್ಲಿ ಮಾತ್ರ ನಾನಿನ್ನೂ ಅಮ್ಮನ ಮಗ.

ಅದರ ಬಿಸಿ ತಾಗಿದ್ದು ಅಮ್ಮನನ್ನು ಗರ್ಭಕೋಶದ ತೊಂದರೆಗೆಂದು ಆಸ್ಪತ್ರೆಗೆ ಸೇರಿಸಿದಾಗ. ಹೆಂಗಸರ ವಾರ್ಡಿನಲ್ಲಿ ರೋಗಿಯ ಜೊತೆಗಿರುವ 'ಬೈಸ್ಟ್ಯಾಂಡರ್' ಹೆಂಗಸೇ ಆಗಿರಬೇಕು. ಬಾಗಿಲ ಕಾವಲುಗಾರ ಸಂಬಂಧ ತಿಳಿಯಲು ರೇಷನ್ ಕಾರ್ಡು ನೋಡಿದ. "ಮಗ ಅಂತ ಉಂಟಲ್ಲ? ಹೊರಗೆ ನಿಲ್ಲಿ." ಸೀರೆ ಉಟ್ಟುಕೊಂಡು ಗಂಡಸರ ಬೆಂಚಿನಲ್ಲಿ ಕೂತೆ. ಒಳಗೆ ಅಮ್ಮ ಕಕ್ಕಸಿಗೆ ಹೋಗಲು ಪಕ್ಕದ ಮಂಚದವಳ ಬಳಗದವರನ್ನು ಬೇಡಿಕೊಂಡಳಂತೆ. ನಾನು ಗೋಡೆಯಾಚೆ ಇದ್ದೆ! ಈಗಲೂ ನೆನೆದರೆ ಹಲ್ಲು ಕಡಿಯುತ್ತೇನೆ. ಆಪರೇಷನ್ನಿಗೆ ಮತ್ತೆ ಬರಬೇಕೆಂದರು. ಅಷ್ಟರೊಳಗೆ ಕಾರ್ಡಿನಲ್ಲಿ ನಾನು ಮಗಳಾಗಲೇಬೇಕಿತ್ತು.

ಅಮ್ಮನನ್ನೂ ಕರೆದುಕೊಂಡು ರೇಷನ್ ಕಚೇರಿಗೆ ಹೋದೆ. ಅರ್ಜಿ ಕನ್ನಡದಲ್ಲೇ ಬರೆದಿದ್ದೆ; ಮಲಯಾಳದಲ್ಲಿ ಆಡಳಿತ ನಡೆಯುವ ಈ ಗಡಿಜಿಲ್ಲೆಯಲ್ಲಿ ಕನ್ನಡದವರಾದ ನಮಗೆ ಆ ಹಕ್ಕಿದೆ. ಗುಮಾಸ್ತರು ತೆಂಕಿನ ಕಡೆಯ ಮಲಯಾಳಿ, ಕನ್ನಡ ಬಾರದು. ನಮ್ಮೂರ ಕಡೆಯ ಪ್ಯೂನ್ ಅರ್ಜಿ ಓದಿ, ನನ್ನಂಥವರಿಗೆ ಮಲಯಾಳದಲ್ಲಿ ಹೇಳುವುದನ್ನು ಹಿಂದೆ ಕೇಳಿದ್ದ 'ಭಿನ್ನಲಿಂಗ' ಎಂಬ ಶಬ್ದ ಹುಡುಕಿ ಹೇಳಿದ. ಗುಮಾಸ್ತರು ತಲೆಯೆತ್ತಲಿಲ್ಲ. ಮಲಯಾಳದಲ್ಲಿ ಅಂಗವಿಕಲರನ್ನು 'ಭಿನ್ನಶೇಷಿ' ಎನ್ನುತ್ತಾರೆ. 'ಭಿನ್ನ' ಎಂದು ಶುರುವಾದ ಮಾತನ್ನು ಅವರ ಕಿವಿ ತಾನೇ ಮುಗಿಸಿಕೊಂಡಿತು.

"ಪರ್ಸೆಂಟೇಜ್ ಎಷ್ಟು ಅಂತ ಕೇಳ್ತಾರೆ" ಎಂದ ಪ್ಯೂನ್.

"ಎಂತದ್ದರ ಪರ್ಸೆಂಟೇಜ್?"

"ನಿಮ್ಮ... ಅದರದ್ದು. ಮೆಡಿಕಲ್ ಬೋರ್ಡಿನ ಸರ್ಟಿಫಿಕೇಟ್ ಬೇಕಂತೆ."

ನನ್ನ ಮೈ ಉರಿಯಿತು. ಸಾಲಿನಲ್ಲಿ ನನ್ನ ಹಿಂದೆ ಊರುಗೋಲು ಹಿಡಿದು ನಿಂತಿದ್ದವರೊಬ್ಬರು ನಕ್ಕುಬಿಟ್ಟರು. "ಬೇಜಾರು ಮಾಡ್ಬೇಡಿ ಅಕ್ಕ. ನನ್ನ ಹತ್ರ ಪ್ರತಿಸಲ ಕೇಳ್ತಾರೆ. ಹೋದ ಕಾಲು ಮತ್ತೆ ಮೊಳೆತು ಬಂದುಂಟಾ ಅಂತ ನೋಡ್ಲಿಕ್ಕೆ!"

ಜಿಲ್ಲೆಯ ಚೀಟಿಯನ್ನು ಮೇಜಿನ ಮೇಲೆ ಬಡಿದೆ. ಇದಕ್ಕೆ ಅಳತೆ ಇಲ್ಲ, ಡಾಕ್ಟರು ಬೇಡ, ಕಾನೂನು ಓದಿ ಎಂದೆ. ಗುಮಾಸ್ತರಿಗೆ ಆಗ ತಪ್ಪು ತಿಳಿಯಿತು. ತಿಳಿದ ಮೇಲಾದರೂ ಸುಮ್ಮನಿರಬೇಕಲ್ಲ? ಪ್ಯೂನ್ ಮೂಲಕ ಹೇಳಿಸಿದರು: ಭಿನ್ನ ಎಂದರೆ ಮರ್ಯಾದೆಯ ಶಬ್ದವೇ, ಅದಕ್ಕೆ ಇಷ್ಟು ಹಾರಾಡಬೇಕಾ?

ಅಲ್ಲಿಯವರೆಗೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಅಮ್ಮ ಎದ್ದು ಬಂದಳು. "ಭಿನ್ನ ಆದದ್ದನ್ನು ನಾವು ಹೊಳೆಗೆ ಬಿಡುದು ಮಾರಾಯ್ರೇ. ನನ್ನ ಹೊಟ್ಟೆಯಿಂದ ಒಡೆದದ್ದು ಯಾವುದೂ ಬರ್ಲಿಲ್ಲ."

ಪ್ಯೂನ್ ನೆಲ ನೋಡಿದ.

"ಹೇಳಿ ಅವರಿಗೆ! ಅವರು ಹೇಳಿದ್ದನ್ನೆಲ್ಲ ನಮಗೆ ಹೇಳಿದ್ರಲ್ಲ? ಇದನ್ನೂ ಹೇಳಿ."

ಅವನು ಹೇಳಿದ, ಅರ್ಧ ನುಂಗಿ ಹೇಳಿದ. ಗಲಾಟೆಗೆ ಒಳಗಿನಿಂದ ಮೇಲಧಿಕಾರಿ ಬಂದರು. ಚೀಟಿ ನೋಡಿದರು, ಅರ್ಜಿಗೆ ಸಹಿ ಹಾಕಿ, ಆಗುತ್ತದೆ ಎಂದು ಹೊರಟುಹೋದರು. ಇಷ್ಟೇ ಕೆಲಸ! ನನ್ನ ಸಿಟ್ಟು ಇಳಿಯುವ ಬದಲು ಏರಿತು. ಇಷ್ಟು ಸುಲಭದ್ದಕ್ಕೆ ನನ್ನ ತಾಯಿ ಪರರನ್ನು ಬೇಡಬೇಕಾಯಿತಲ್ಲ.

ಕಾರ್ಡು ಬಂತು. ಆಪರೇಷನ್ನಿಗೆ ಅಮ್ಮನನ್ನು ಗಾಲಿಕುರ್ಚಿಯಲ್ಲಿ ದೂಡಿಕೊಂಡು ಹೋದಾಗ ಬಾಗಿಲಲ್ಲಿ ಅದೇ ಕಾವಲುಗಾರ. ನಮ್ಮ ಕಡೆ ಸರಿಯಾಗಿ ನೋಡದೆ, "ಹೋಗಿ, ಹೋಗಿ" ಎಂದು ಕೈ ಬೀಸಿದ. ನಾನು ಹೊರಟೇಬಿಟ್ಟಿದ್ದೆ.

"ನಿಲ್ಲು" ಎಂದಳು ಅಮ್ಮ. ಕಾರ್ಡು ಅವಳ ಮಡಿಲಲ್ಲೇ ಇತ್ತು. "ಅವತ್ತು ಓದಿದವ ನೀನೇ ಅಲ್ವಾ? ಇವತ್ತೂ ಓದು."

"ಬೇಡ ಅಮ್ಮಾ, ಗೊತ್ತಾಯ್ತು."

"ಗೊತ್ತಾದದ್ದು ನಿನ್ನ ಹತ್ರ ಇರ್ಲಿ. ಜೋರಾಗಿ ಓದು. ಎಲ್ಲರಿಗೂ ಕೇಳ್ಬೇಕು."

ಹಿಂದೆ ಸಾಲು ಬೆಳೆಯುತ್ತಿತ್ತು. ಅವನು ಕಾರ್ಡು ಹಿಡಿದು, ನನ್ನ ಹೆಸರು ಓದಿ, ಮುಂದಿನ ಮಲಯಾಳ ಅಕ್ಷರಗಳ ಮೇಲೆ ಬೆರಳಿಟ್ಟ. "ಮಗಳ್."

ನಮ್ಮ ಕಡೆ ಆಡುವ ತುಳುವಿನಲ್ಲೂ ಅದು ಹಾಗೆಯೇ. ಯಾವ ಪ್ಯೂನೂ ಬೇಕಾಗಲಿಲ್ಲ.

"ಹಾಂ" ಎಂದು ಅಮ್ಮ ಕಾರ್ಡು ಕಿತ್ತುಕೊಂಡಳು. "ಇನ್ನು ದೂಡು ಮಗಾ."