ಗುರುವಾರದ ಎಣ್ಣೆ

ಫ್ರೀಮಾಂಟಿನ ವೇದವತಿಗೆ ಕೂತಲ್ಲಿ ಕೂರುವ ಜಾಯಮಾನವೇ ಇಲ್ಲ. ಕೆಲಸಕ್ಕೆಂದು ಓಕ್ಲ್ಯಾಂಡಿಗೆ ಹೋಗುವ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಪಕ್ಕ ಕಂಬಿ ಹಿಡಿದು ನಿಂತೇ ಹೋಗುತ್ತಾಳೆ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಸ್ಯಾಂಪಲ್ಲು ಮೆಷಿನ್ನಿನೊಳಗೆ ತಿರುಗುವಷ್ಟು ಹೊತ್ತು ತಾನೂ ಆ ಮೂಲೆಯಿಂದ ಈ ಮೂಲೆಗೆ ತಿರುಗುತ್ತಿರುತ್ತಾಳೆ. "ನಿಮ್ಮಮ್ಮ ನಿನ್ನ ಕಾಲಿಗೆ ಚಕ್ರ ಕಟ್ಟಿ ಕಳ್ಸಿದಾರೆ ಕಣೆ" ಎಂದು ಗಂಡ ಶೇಷಾದ್ರಿ ಹಂಗಿಸಿದರೆ, "ಚಕ್ರ ಕಟ್ಟಿದೋರು ಫೈನಲ್‌ಗೆ ಮಾತ್ರ ಕಳಿಸ್ಲಿಲ್ವಲ್ಲ!" ಎನ್ನುತ್ತಾಳೆ.

ಅದೊಂದು ಹಳೆಯ ಹುಣ್ಣು. ಮೈಸೂರಿನಲ್ಲಿ ಓದುವಾಗ ವೇದವತಿ ಕಾಲೇಜಿನ ಖೋ ಖೋ ತಂಡದಲ್ಲಿದ್ದಳು. ಬೆನ್ನ ಹಿಂದೆ 'ಖೋ' ಕೇಳಿ ಇವಳು ಎದ್ದಳೆಂದರೆ ಎದುರಾಳಿಗೆ ಉಳಿಗಾಲವಿರಲಿಲ್ಲ. ತಂಡ ಫೈನಲಿಗೆ ಬಂದು, ಇನ್ನೇನು ಹಾಸನಕ್ಕೆ ಬಸ್ಸು ಹತ್ತಬೇಕು, ಅದೇ ದಿನ ಗಂಡಿನ ಕಡೆಯವರು ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಅಮ್ಮ ಕ್ಯಾನ್ವಾಸ್ ಶೂಗಳನ್ನು ಅಟ್ಟಕ್ಕೆಸೆದು, ಮಗಳಿಗೆ ರೇಷ್ಮೆ ಸೀರೆ ಉಡಿಸಿ, ಉಪ್ಪಿಟ್ಟಿನ ತಟ್ಟೆ ಕೈಗೆ ಕೊಟ್ಟಳು. ಆ ಉಪ್ಪಿಟ್ಟು ತಿಂದು, ಸಾಲದೆಂದು ಇನ್ನೊಂದು ಸೌಟು ಹಾಕಿಸಿಕೊಂಡ ಮಹಾಶಯನೇ ಈ ಶೇಷಾದ್ರಿ. ಹಾಸನದಲ್ಲಿ ತಂಡ ಸೋತಿತು. ಪಾಪ, ಅವನಿಗೇನು ಗೊತ್ತಿತ್ತು! ಮದುವೆಯೇನೋ ಚೆನ್ನಾಗಿಯೇ ನಡೆದುಕೊಂಡು ಬಂದಿದೆ, ಆ ಫೈನಲು ಮಾತ್ರ ಅವರ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಹಾಗಾಗಿ ಮಗ ಕುಶಲ್ ಆಟವಾಡುತ್ತೇನೆಂದಾಗ ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಅವನು ಆರಿಸಿಕೊಂಡದ್ದೋ, ರಾಮ ರಾಮಾ, ಈ ದೇಶದವರ ಫುಟ್‌ಬಾಲು! ಹೆಸರಿಗೆ ಫುಟ್ಟು, ಆಡುವುದೆಲ್ಲ ಕೈಯಲ್ಲಿ, ಭುಜದಲ್ಲಿ, ತಲೆಯಲ್ಲಿ. ಆರಡಿ ಎತ್ತರದ ಕುಶಲ್ ಸಾಲಿನ ನಟ್ಟನಡುವೆ ಬಗ್ಗಿ ನಿಲ್ಲುತ್ತಾನೆ. ಕಾಲ ಸಂದಿಯಿಂದ ಚೆಂಡನ್ನು ಹಿಂದಿನವನಿಗೆ ಎಸೆಯುವುದು, ಮರುಕ್ಷಣವೇ ಎದುರಿನಿಂದ ನುಗ್ಗುವ ಗೂಳಿಗಳಿಗೆ ಎದೆ ಕೊಡುವುದು, ಇಷ್ಟೇ ಅವನ ಕೆಲಸ. ಚೆಂಡು ಹಿಡಿದು ಓಡಿದವನಿಗೆ ಚಪ್ಪಾಳೆ, ಇವನಿಗೆ ಗುದ್ದು.

ಅವನ ಕಾಲೇಜು ಸಾಲ್ಟ್‌ಮಾರ್ಶ್, ಕೊಲ್ಲಿಯ ಅಂಚಿನ ಉಪ್ಪಿನ ಗದ್ದೆಗಳ ಪಕ್ಕದಲ್ಲಿದೆ. ಅಲ್ಲಿ ಪೆಲಿಕನ್ಸ್ ಎಂಬ ಫುಟ್‌ಬಾಲ್ ತಂಡ ಕಟ್ಟಿ ಇದು ಮೂರನೆಯ ವರ್ಷ. ಮೊದಲ ವರ್ಷ ಆಡಿದ್ದೆಲ್ಲ ಸೋಲು. ಎರಡನೆಯ ವರ್ಷ ಸ್ವಲ್ಪ ಮರ್ಯಾದೆಯಿಂದ ಸೋತರು, ಅಷ್ಟೆ. ಈ ಸೀಸನ್ನಿನ ಮೊದಲ ಮ್ಯಾಚಿನ ಬೆಳಿಗ್ಗೆ ವೇದವತಿ ಒಂದು ಘನಂದಾರಿ ಕೆಲಸ ಮಾಡಿದಳು. ಅಷ್ಟು ದಪ್ಪ ಹೆಲ್ಮೆಟ್ಟಿನೊಳಗೆ ಮಗನ ತಲೆ ಬೆಂದು ಉಷ್ಣವಾಗುತ್ತದೆಂದು ನೆತ್ತಿಗೆ ಬೊಗಸೆ ತುಂಬ ಕೊಬ್ಬರಿ ಎಣ್ಣೆ ತಟ್ಟಿ ಕಳಿಸಿದಳು. ಮೊದಲ ಗುದ್ದಿಗೇ ಹೆಲ್ಮೆಟ್ಟು ಗಿರ್ರನೆ ತಿರುಗಿ, ಕಿವಿಯ ತೂತಿನಲ್ಲಿ ಕುಶಲನ ಕಣ್ಣು ಕಾಣಿಸಿತು! ಇಡೀ ಸ್ಟೇಡಿಯಮ್ಮು ಬಿದ್ದು ಬಿದ್ದು ನಕ್ಕಿತು. ಆದರೆ ಆ ಮ್ಯಾಚನ್ನು ಪೆಲಿಕನ್ಸ್ ಗೆದ್ದುಬಿಟ್ಟರು.

ಗೆದ್ದ ಮೇಲೆ ಕೇಳಬೇಕೆ? ಎಣ್ಣೆಯಿಂದಲೇ ಗೆದ್ದದ್ದು ಎಂದು ಹುಡುಗರು ಪಟ್ಟು ಹಿಡಿದರು. ಹೆಲ್ಮೆಟ್ಟು ನೋಡಿಕೊಳ್ಳುವ ಮುದುಕ ಮಾತ್ರ, ಎಣ್ಣೆ ತಲೆಯವರು ಹತ್ತಿರ ಸುಳಿದರೆ ಜೋಕೆ ಎಂದು ಕೂಗಾಡಿದ. ಕೊನೆಗೆ ರಾಜಿಯಾಯಿತು: ಮ್ಯಾಚು ಶನಿವಾರ, ಎಣ್ಣೆ ಗುರುವಾರ ಸಂಜೆ, ಆಮೇಲೆ ಸೀಗೆಪುಡಿ ಹಾಕಿ ಜಿಡ್ಡು ಹೋಗುವಂತೆ ತಲೆಸ್ನಾನ. ಅಂದಿನಿಂದ ಪ್ರತಿ ಗುರುವಾರ ಕುಶಲನ ಜೊತೆ ಅವನ ತಂಡದ ಗೆಳೆಯ, ಟೊಂಗಾ ದ್ವೀಪದ ಮೂಲದ ಸಿಯೋನೆಯೂ ಬಂದು ಅಡುಗೆಮನೆಯ ನೆಲದ ಮೇಲೆ ಕೂರತೊಡಗಿದ. ಕೂತರೂ ಅವನ ತಲೆ ನಿಂತ ವೇದವತಿಯ ಎದೆಯ ಮಟ್ಟಕ್ಕೆ ಬರುತ್ತಿತ್ತು. "ಆಂಟಿ, ಮೋರ್ ಎಣ್ಣೆ" ಎಂದು ಅವನು ಕಣ್ಣು ಮುಚ್ಚಿದರೆ ಅವಳಿಗೆ ಖುಷಿಯೋ ಖುಷಿ. ಗುರುವಾರಗಳು ಬಂದವು, ಗೆಲುವುಗಳೂ ಬಂದವು. ಬೆಳೆದ ಮಗ ಮೈ ಮುಟ್ಟಿಸಿಕೊಳ್ಳುತ್ತಿದ್ದದ್ದು ವಾರಕ್ಕೆ ಅದೊಂದೇ ಸಲ. ಅವಳಿಗೆ ಚಾಂಪಿಯನ್‌ಶಿಪ್ಪಿಗಿಂತ ಅದೇ ದೊಡ್ಡದಾಗಿತ್ತು.

ಮ್ಯಾಚನ್ನು ಮಾತ್ರ ಅವಳು ಒಂದು ದಿನವೂ ನೋಡಿದವಳಲ್ಲ. ಶೇಷಾದ್ರಿ ಒಳಗೆ ತುತ್ತೂರಿ ಊದುತ್ತ ಕೂತರೆ ಇವಳು ಹೊರಗೆ ಪಾರ್ಕಿಂಗ್ ಲಾಟ್ ಸುತ್ತುತ್ತಿದ್ದಳು. ಗದ್ದಲವಾದರೆ ಅವಳಿಗೆ ಹೆದರಿಕೆಯಿರಲಿಲ್ಲ, ಯಾರೋ ಗೆಲ್ಲುತ್ತಿದ್ದಾರೆಂದು ಅರ್ಥ. ಏಕಾಏಕಿ ಸದ್ದಡಗಿದರೆ ಜೀವ ಬಾಯಿಗೆ ಬರುತ್ತಿತ್ತು. ಸೆಮಿಫೈನಲಿನ ದಿನ ಹಾಗೆ ಸದ್ದಡಗಿತು. ಗೇಟಿನವರೆಗೆ ಓಡಿ ನೋಡಿದರೆ ಕುಶಲ್ ಎದ್ದು ನಿಂತು ಕೈಬೀಸುತ್ತಿದ್ದ. "ಏನಿಲ್ಲಮ್ಮ, ಉಸಿರು ಕಟ್ತು ಅಷ್ಟೆ, ಐ ಆಮ್ ಫೈನ್" ಎಂದ ಆಮೇಲೆ. ಅವಳು ನಂಬಿದಳು.

ಫೈನಲಿನ ಹಿಂದಿನ ಗುರುವಾರ ಸಿಯೋನೆ ಎಣ್ಣೆ ಹಚ್ಚಿಸಿಕೊಂಡು ಹೊರಟ ಮೇಲೆ ಕುಶಲ್ ಬಂದು ಕೂತ. ಎಂದಿನ ಹಾಗೆ ಫೋನು ತಿರುವಲಿಲ್ಲ, ಮೆಲ್ಲಗೆ ಮೆಲ್ಲಗೆ ಎಂದು ರಾಗ ಎಳೆಯಲಿಲ್ಲ.

"ಲೈಟ್ ಆಫ್ ಮಾಡಮ್ಮ" ಎಂದ.

"ಕತ್ತಲಲ್ಲಿ ನಿನ್ನ ಮೂಗಿಗೆ ಎಣ್ಣೆ ಹಚ್ಲಾ?" ಎಂದು ನಗುತ್ತಲೇ ಅವಳು ಕಿವಿಯ ಹಿಂದೆ ಒತ್ತಿದಳು. ಕುಶಲ್ ತಟ್ಟನೆ ಅವಳ ಮಣಿಕಟ್ಟು ಹಿಡಿದುಕೊಂಡ. ಆ ಹಿಡಿತದಲ್ಲೇ ಅವಳಿಗೆ ಎಲ್ಲ ತಿಳಿದುಹೋಯಿತು.

"ಯಾವಾಗಿಂದ ಈ ತಲೆನೋವು?"

"ಲಾಸ್ಟ್ ಗೇಮ್."

"ವಾಂತಿ?"

ಅವನು ಹೌದೆಂದು ತಲೆಯಾಡಿಸಿದ. ತಿರುಗದೆಯೇ ಹೇಳಿದ: "ಜಸ್ಟ್ ಒನ್ ಮೋರ್ ಗೇಮ್, ಅಮ್ಮ. ಕೋಚ್‌ಗೆ ಹೇಳ್ಬೇಡ. ಅಪ್ಪಂಗೂ ಹೇಳ್ಬೇಡ. ಫೈನಲ್ ಮಿಸ್ ಆದ್ರೆ ಹೇಗಿರತ್ತೆ ಅಂತ ನಿಂಗೊತ್ತು. ಅಜ್ಜಿ ಡಿಡ್ ದಟ್ ಟು ಯೂ. ಪ್ರಾಮಿಸ್?"

ಎಲ್ಲಿ ಹೊಡೆದರೆ ಬೀಳುತ್ತಾಳೆಂದು ಹುಡುಗನಿಗೆ ಚೆನ್ನಾಗಿ ಗೊತ್ತಿತ್ತು. ವೇದವತಿ "ಹೂಂ" ಎಂದಳು. ಅಂದ ಗಳಿಗೆಯಿಂದ ಅವಳಿಗೆ ನಿಂತರೆ ನಿಲ್ಲಲಾಗದು, ಕೂತರೆ ಕೂರಲಾಗದು. ಆಸ್ಪತ್ರೆಯಲ್ಲಿ ಇಷ್ಟು ವರ್ಷ ಕಳೆದವಳು. ತಲೆಗೆ ಬಿದ್ದ ಮೊದಲ ಏಟು ಮಾಗುವ ಮುನ್ನ ಎರಡನೆಯದು ಬಿದ್ದರೆ ಏನಾಗಬಹುದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಅಟ್ಟದ ಮೇಲೆ ಬಿದ್ದಿದ್ದ ಕ್ಯಾನ್ವಾಸ್ ಶೂಗಳೂ ಕಣ್ಣೆದುರಿಗೆ ಬರುತ್ತಿದ್ದವು. ತಾನು ಅಮ್ಮನನ್ನು ಬೈದುಕೊಂಡಷ್ಟೇ ಕಾಲ ಇವನೂ ತನ್ನನ್ನು ಬೈದುಕೊಳ್ಳುತ್ತಾನೆ.

ಶುಕ್ರವಾರ ಕೆಲಸಕ್ಕೆ ರಜೆ ಹಾಕಿ, ಏನೂ ಬೇಕಿಲ್ಲದಿದ್ದರೂ ಗ್ರೋಸರಿ ಅಂಗಡಿಗೆ ಹೋದಳು. ಅಂಗಡಿ ಹುಬ್ಬಳ್ಳಿಯ ರೋಷನ್ ಬೀ ಅವರದು. ಮಗ ಕಲೀಮ್ ಸಾಮಾನು ತರಲು ಹೋದಾಗ ಗಲ್ಲಾದಲ್ಲಿ ಮುದುಕಿಯೇ ಕೂರುತ್ತಿದ್ದರು.

"ಏನ್ ತಂಗಿ, ಅದೇ ಬೇಳಿ ಪಾಕೀಟು ಮೂರ್ ಸಲ ತಗದಿಟ್ಟಿ. ಏನಾಗೇತಿ?"

ವೇದವತಿ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. "ಮಾತು ಕೊಟ್ಬಿಟ್ಟೆ ರೋಷನಮ್ಮ. ಹೇಳಿದ್ರೆ ಅವನು ಜನ್ಮದಲ್ಲಿ ನನ್ನ ಹತ್ರ ಮಾತಾಡಲ್ಲ."

ರೋಷನ್ ಬೀ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಮಾತಾಡೂದು ಬಿಟ್ರ ಬಿಡ್ಲಿ ಬಿಡವಾ. ನಾಳಿಗೆ ಅವನಿಗೆ ಮಾತಾಡಾಕರ ಬರಬೇಕಿಲ್ಲೋ?"

ವೇದವತಿ ಬೇಳೆ ಪಾಕೀಟನ್ನು ಅಲ್ಲೇ ಬಿಟ್ಟು ಹೊರಗೆ ಬಂದಳು.

ಫೈನಲು ಪೆಲಿಕನ್ಸ್‌ನ ಮೈದಾನದಲ್ಲೇ ಇತ್ತು. ಶನಿವಾರ ಹುಡುಗರು ಮೈ ಬಿಸಿ ಮಾಡಿಕೊಳ್ಳುತ್ತಿರುವಾಗ ವೇದವತಿ ಗೇಟು ದಾಟಿ, ಹುಲ್ಲಿನ ಮೇಲೆ ಸೀದಾ ಕೋಚ್ ಹತ್ತಿರ ನಡೆದಳು. ಹೇಳಿದ್ದು ನಾಲ್ಕೇ ಮಾತು. ಕೋಚ್ ಟೋಪಿ ತೆಗೆದು ತಲೆ ಕೆರೆದುಕೊಂಡು, ತಂಡದ ಆರೋಗ್ಯ ನೋಡಿಕೊಳ್ಳುವ ಹೆಂಗಸನ್ನು ಕರೆದ. ಅವಳು ಕುಶಲನನ್ನು ಒಂಟಿ ಕಾಲಲ್ಲಿ ನಿಲ್ಲಿಸಿದಳು, ಕಣ್ಣಿಗೆ ಬೆಳಕು ಬಿಟ್ಟಳು. ಡಿಸೆಂಬರಿನಿಂದ ಹಿಂದಕ್ಕೆ ತಿಂಗಳು ಹೇಳೆಂದಳು. ಅಕ್ಟೋಬರ್ ಆದ ಮೇಲೆ ಅವನಿಗೆ ಮುಂದಿನದು ಹೊಳೆಯಲಿಲ್ಲ. ಅವಳು ಅವನ ಹೆಲ್ಮೆಟ್ಟು ತೆಗೆದುಕೊಂಡು ತನ್ನ ಕಂಕುಳಲ್ಲಿಟ್ಟುಕೊಂಡಳು.

ಕುಶಲ್ ಅಮ್ಮನ ಕಡೆ ಒಮ್ಮೆ ನೋಡಿದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವತ್ತು ವೇದವತಿ ಪಾರ್ಕಿಂಗ್ ಲಾಟಿಗೆ ಹೋಗಲಿಲ್ಲ. ಮಗನಿಂದ ಕಸಿದ ಆಟವನ್ನು ತಾನಾದರೂ ನೋಡಬೇಕೆಂದು ಶೇಷಾದ್ರಿಯ ಪಕ್ಕ ಹೋಗಿ ಕೂತಳು. ವಿಷಯ ಕೇಳಿ ಅವನು ತುತ್ತೂರಿಯನ್ನು ಕಾಲ ಕೆಳಗಿಟ್ಟ. "ನೀನು ಮಾಡಿದ್ದೇ ಸರಿ ಕಣೆ" ಎಂದವನು, ಕುಶಲನ ಜಾಗದಲ್ಲಿ ನಿಂತ ಹುಡುಗ ಮೊದಲ ಚೆಂಡನ್ನೇ ಹಿಂದಿನವನ ತಲೆಯ ಮೇಲಿಂದ ಹಾರಿಸಿದಾಗ "ಅಯ್ಯೋ!" ಎಂದು ತಲೆ ಹಿಡಿದುಕೊಂಡ. ಆ 'ಅಯ್ಯೋ' ವೇದವತಿಗೆ ನೆಟ್ಟಗೆ ನಾಟಿತು. ಕೂತ ಕಡೆಯೇ ಕಾಲು ಕುಣಿಯುತ್ತಿತ್ತು, ಎದ್ದೋಡಬೇಕೆನಿಸುತ್ತಿತ್ತು. ಬೆಂಚಿನ ಅಂಚು ಹಿಡಿದು, ಹಲ್ಲು ಕಚ್ಚಿ ಕೂತಳು. ಮೈದಾನದ ಅಂಚಿನಲ್ಲಿ ಬರಿದಲೆಯಲ್ಲಿ ನಿಂತಿದ್ದ ಕುಶಲ್ ಆ ಹೊಸ ಹುಡುಗನಿಗೆ ಕೈಸನ್ನೆಯಲ್ಲಿ ಏನೇನೋ ತೋರಿಸುತ್ತಲೇ ಇದ್ದ. ಹುಡುಗ ನಿಧಾನಕ್ಕೆ ಕುದುರಿಕೊಂಡ. ಕಟ್ಟಕಡೆಯಲ್ಲಿ ಸಿಯೋನೆ ಎದುರು ತಂಡದ ಒಂದು ಗೂಳಿಯನ್ನು ಎತ್ತಿ ಆಚೆಗಿಟ್ಟು ದಾರಿ ಮಾಡಿದ, ಅದರಲ್ಲಿ ನುಗ್ಗಿ ಪೆಲಿಕನ್ಸ್ ಗೆದ್ದರು.

ಎಲ್ಲರೂ ಮೈದಾನಕ್ಕೆ ಓಡಿದರು. ಕುಶಲ್ ನಡೆದುಕೊಂಡು ಹೋದ. ಫೋಟೋದಲ್ಲಿ ಹಿಂದಿನ ಸಾಲಿನ ಕೊನೆಯಲ್ಲಿ ಅರ್ಧ ಭುಜ ಕಾಣುವಂತೆ ನಿಂತಿದ್ದಾನೆ.

ಆಮೇಲಿನದು ಕತ್ತಲ ಕೋಣೆ. ಫೋನು, ಟೀವಿ, ಓದು ಏನೂ ಕೂಡದು ಎಂದರು ಡಾಕ್ಟರು. ಸದ್ಯ, ಇನ್ನೊಂದು ಏಟು ಬೀಳಲಿಲ್ಲ ಎಂದೂ ಅಂದರು. ಕುಶಲ್ ಅದನ್ನು ಕೇಳಿಸಿಕೊಂಡ, ಆದರೆ ಅಮ್ಮನೊಂದಿಗೆ ಮಾತು ಬಿಟ್ಟ. "ಅಪ್ಪ, ಅನ್ನ ಸಾಕು ಅಂತ ಹೇಳು" ಎನ್ನುವನು, ಬಡಿಸುತ್ತ ಎದುರಿಗೇ ನಿಂತವಳನ್ನು ಬಿಟ್ಟು. ಸಂಕ್ರಾಂತಿಯ ಎಳ್ಳುಬೆಲ್ಲವನ್ನೂ ಅಪ್ಪನ ಕೈಯಿಂದಲೇ ತೆಗೆದುಕೊಂಡ. ವೇದವತಿ ಮನೆ ತುಂಬ ಓಡಾಡಿದಳು, ಒರೆಸಿದ್ದನ್ನೇ ಒರೆಸಿದಳು. ಮಾಡಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ.

ಸೀಸನ್ನು ಮುಗಿದರೂ ಸಿಯೋನೆ ಗುರುವಾರ ತಪ್ಪಿಸಲಿಲ್ಲ. ಜನವರಿ ಕೊನೆಯ ಗುರುವಾರ ಅವನ ತಲೆಗೆ ಎಣ್ಣೆ ತಿಕ್ಕಿ ಕಳಿಸಿ, ಬಟ್ಟಲನ್ನು ಸಿಂಕಿಗಿಡಲು ತಿರುಗಿದರೆ ಬಾಗಿಲಲ್ಲಿ ಕುಶಲ್ ನಿಂತಿದ್ದ.

"ನೀನು ಅಜ್ಜೀನ ಕ್ಷಮಿಸಿದ್ಯಾ?" ಎಂದು ಕೇಳಿದ. ಅಷ್ಟೂ ಕನ್ನಡ.

ವೇದವತಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ಲ ಕಣೋ. ಇನ್ನೂ ಇಲ್ಲ."

"ದೆನ್ ನಾನೂ ಇಲ್ಲ."

"ಆಯ್ತು, ಬೇಡ ಬಿಡು" ಎಂದಳು. ಬಟ್ಟಲನ್ನು ಸಿಂಕಿಗಿಡದೆ ಮತ್ತೆ ಎಣ್ಣೆ ಬಗ್ಗಿಸಿದಳು. "ತಲೆ ಕೊಡು ಇಲ್ಲಿ."

ಅವನು ಬಂದು ಅವಳಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತ. ವೇದವತಿ ಸ್ಟೂಲೆಳೆದುಕೊಂಡು ಕೂತು, ಎಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿ, ಕಿವಿಯ ಹಿಂದೆ ಮೆಲ್ಲಗೆ ಒತ್ತಿದಳು. ಅವನು ಕೈ ಹಿಡಿಯಲಿಲ್ಲ. ಅಡುಗೆಮನೆಯ ಲೈಟು ಉರಿಯುತ್ತಲೇ ಇತ್ತು, ಆರಿಸು ಅನ್ನಲಿಲ್ಲ.