ಗಿಟಾರಿನ ಹೊಟ್ಟೆಗೆ ಬಳಿದ ಸೀಲರ್

ಹಂಪಸಾಗರದಲ್ಲಿ ಬಾಗಿಲು ಕಿಟಕಿ ಮಾಡಿಕೊಂಡಿರುವ ನನಗೆ ಐವತ್ತು ದಾಟಿದ ಮೇಲೆ ಎಲೆಕ್ಟ್ರಿಕ್ ಗಿಟಾರು ಮಾಡುವ ಹುಚ್ಚು ಹತ್ತಿತು. ಯಾರದೋ ಮನೆಯ ಬಾಗಿಲಿಗೆ ತಂದು ಉಳಿದಿದ್ದ ಸಾಗವಾನಿ ಹಲಗೆಯನ್ನೇ ಕೊರೆದೆ. ಓಣಿಯವರು ನಕ್ಕರು. ಎದುರು ಮನೆಯ ನನ್ನ ಅಕ್ಕ ಮಾತ್ರ ನಗಲಿಲ್ಲ. ಚಿಕ್ಕವನಿದ್ದಾಗ ನಾನು ಎಣ್ಣೆ ಡಬ್ಬಿಗೆ ವೈರು ಬಿಗಿದು ಟಂಯ್ ಟಂಯ್ ಅನ್ನಿಸಿದರೆ ಉಳಿದವರೆಲ್ಲ ಬೈದು ಎದ್ದು ಹೋಗುತ್ತಿದ್ದರು; ಕೂತು ಕೇಳುತ್ತಿದ್ದವಳು ಅವಳೊಬ್ಬಳೇ. ಈಗ ಅವಳ ಕಿವಿ ಮಂದವಾಗುತ್ತಿತ್ತು. ಇದು ಇಳಿಯುತ್ತಲೇ ಹೋಗುತ್ತದೆ, ಮಷಿನ್ ಹಾಕಿದರೂ ಅಷ್ಟಕ್ಕಷ್ಟೇ ಎಂದು ಹರಪನಹಳ್ಳಿಯ ಡಾಕ್ಟರು ಹೇಳಿದ್ದರು. ಪೂರ್ತಿ ಹೋಗುವುದರೊಳಗೆ ನನ್ನ ಗಿಟಾರು ಕೇಳಬೇಕೆಂಬುದು ಅವಳ ಆಸೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಉಳಿದದ್ದು ಒಳಗಿನ ಗೂಡುಗಳು ಮಾತ್ರ. ಸ್ವಿಚ್ಚು, ವೈರು, ತಂತಿಯ ನಾದ ಹಿಡಿಯುವ ಆಯಸ್ಕಾಂತ ಕೂರುವ ಜಾಗ ಅವು. ಅಲ್ಲಿ ಬರಿ ಮರ ಬಿಟ್ಟರೆ ಹೊಳೆದಂಡೆಯ ತೇವ ಕುಡಿದು ಉಬ್ಬುತ್ತದೆ. ಅದಕ್ಕೇ ಮರದ ರಂಧ್ರ ಮುಚ್ಚುವ ಸೀಲರ್ ಬಳಿದೆ. ಮೋಡದ ತಂಪಿಗೆ ಅದು ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಯಿತು. ಕೆರೆದು ತೆಗೆದು ಮತ್ತೆ ಬಳಿದೆ. ಮತ್ತೆ ಅದೇ ಹಾಡು. ಸಿಟ್ಟು ನೆತ್ತಿಗೇರಿತು.

“ಅದರ ಹೊಟ್ಟಿಯೊಳಗ ಬಗ್ಗಿ ನೋಡಾಕ ಯಾರ್ ಬರ್ತಾರಲೇ?” ಎಂದಳು ಅಕ್ಕ. “ತಂತಿ ಕಟ್ಟಿ ಒಂದ್ಸಲ ಬಾರ್ಸಿ ಬಿಡು. ಆಮ್ಯಾಲ ಬೇಕಾದ್ರ ಬಿಚ್ಚಿ ಬಳಕೋ.”

ಅವಳು ಹೇಳಿದ್ದು ಸರಿಯೇ ಇತ್ತು. ಆದರೆ ನನ್ನದು ಮೊಂಡು ಬುದ್ಧಿ. “ಅರೆಬರೆ ಕೆಲ್ಸ ನಾ ಮಾಡಂಗಿಲ್ಲ. ನಿಂದೇನ್ ಗಡಿಬಿಡಿ?” ಎಂದು ರೇಗಿದೆ. ಅವಳು ಸೆರಗು ಕೊಡವಿ ಎದ್ದು ಹೋದಳು.

ಆಮೇಲೆ ಅವಳು ನನ್ನ ಶೆಡ್ಡಿನ ಕಡೆ ಸುಳಿಯಲಿಲ್ಲ. ದಿನ ಕಳೆದಂತೆ, ಅಂಗಳ ಗುಡಿಸುತ್ತಿದ್ದವಳನ್ನು “ಅಕ್ಕಾ, ಚಾ ಆತೇನಬೇ?” ಎಂದು ಕೂಗಿದರೂ ತಿರುಗದಾದಳು. ಓಹೋ, ಇಷ್ಟು ಸೊಕ್ಕಾ ಎಂದು ನಾನೂ ಬಿಗಿದುಕೊಂಡೆ. ಅವಳೇ ಬಂದು ಕೇಳಲಿ ಎಂದು, ಅಷ್ಟರಲ್ಲಿ ಬಿಸಿಲು ಬಿದ್ದು ಚೆನ್ನಾಗಿಯೇ ಒಣಗಿದ್ದ ಗೂಡುಗಳಿಗೆ ಬೇಕಂತಲೇ ಇನ್ನೊಂದು ಕೈ ಬಳಿದು ಕೂತೆ.

ಕಡೆಗೊಂದು ದಿನ ಅವಳ ಮಗನನ್ನು ತಡೆದು, “ನಿಮ್ಮವ್ವನ ಮುನಿಸು ಯಾವಾಗ ಇಳಿತೈತಪಾ?” ಎಂದೆ.

“ಮುನಿಸೆಲ್ಲಿದ್ರೀ ಮಾವ? ಅವ್ವಗ ಕಿವಿ ಪೂರ್ತಿ ಹೋಗ್ಯಾವ್ರಿ. ನಿಮಗ ಹೇಳಬ್ಯಾಡ ಅಂದಿದ್ಲು, ಗಡಿಬಿಡಿ ಮಾಡ್ಕೊಂಡು ಕೆಲ್ಸ ಕೆಡಿಸ್ಕೋತಾನ ಅಂತ.”

ಅಯ್ಯೋ, ನನ್ನ ಬಾಯಿಗೆ ಮಣ್ಣು ಹಾಕ! ಅವತ್ತೇ ವೈರು ಜೋಡಿಸಿ, ತಂತಿ ಬಿಗಿದು, ಆಂಪ್ಲಿಫೈಯರ್ ಹೊತ್ತುಕೊಂಡು ಅವಳ ಪಡಸಾಲೆಗೆ ಹೋದೆ. ಅಕ್ಕ ಗಿಟಾರಿನ ಮೈ ಸವರಿದಳು. ಚಾಪೆ ಹಾಸಿಕೊಂಡು ಎದುರಿಗೆ ಕೂತಳು. ನಾನು ಎಡಗೈ ಬೆರಳು ಊರಿ, ಬಲಗೈಯನ್ನು ತಂತಿಯ ಮೇಲೆ ತಂದೆ. ಯಾವ ತಂತಿಯಿಂದ ಶುರು ಮಾಡಲೆಂದು ಬೆರಳು ಅತ್ತಿತ್ತ ಆಡಿತು. ಅಕ್ಕ ಕಣ್ಣರಳಿಸಿ ತಲೆದೂಗಿದಳು.

“ಭಾಳ ಚಲೋ ಬಂತು ನೋಡಲೇ,” ಎಂದಳು.

ನಾನಿನ್ನೂ ಮೀಟಿರಲಿಲ್ಲ.