ಒಂದು ಸಾಲು ಕೆಳಕ್ಕೆ ಜಾರಿದ ಫೋಟೋ

"ಇವಳಲ್ಲವಲ್ಲೋ?"

ಕಳೆದ ಭಾನುವಾರ ಜಯನಗರದ ನನ್ನ ಅಕ್ಕನ ಮನೆಯಲ್ಲಿ, ಕಾಫಿ ಲೋಟ ಹಿಡಿದ ಹೆಂಗಸೊಬ್ಬರು ತಮ್ಮ ಮಗನ ಕಿವಿಯಲ್ಲಿ ಹೇಳಿದ ಮಾತಿದು. ಪಿಸುಮಾತೇನೋ ಹೌದು. ಇಡೀ ಹಾಲ್‌ಗೆ ಕೇಳಿಸಿತು.

ವಸಂತಪುರದಿಂದ ಹೆಣ್ಣು ನೋಡಲು ಬಂದಿದ್ದರು. ಹೆಣ್ಣು ನನ್ನ ಅಕ್ಕನ ಮಗಳು ವೀಣಾ. ವೆಬ್‌ಸೈಟ್ ಮಾಡುವ ಕಂಪನಿಯಲ್ಲಿ ಕೆಲಸ. ಹುಡುಗ ಅವಳ ವಿವರ ಓದಿದ್ದೂ ಒಂದು ವಧೂವರರ ವೆಬ್‌ಸೈಟ್‌ನಲ್ಲೇ. (ಜಾತಕ ಹಿಡಿದು ಮನೆ ಮನೆ ಸುತ್ತುವ ಕಾಲ ಹೋಯಿತಲ್ಲ!)

ಅಕ್ಕನ ಮುಖ ಬಿಳಿಚಿಕೊಂಡಿತು. ಭಾವ ಎದ್ದು ಫ್ಯಾನಿನ ಸ್ಪೀಡ್ ಹೆಚ್ಚಿಸಿದರು. ನಾನು ಇನ್ನೊಂದು ಬೋಂಡಾ ತೆಗೆದುಕೊಂಡೆ. ಇಂಥ ಹೊತ್ತಲ್ಲಿ ಸೋದರಮಾವ ಏನು ಮಾಡಬೇಕು, ನೀವೇ ಹೇಳಿ?

"ಯಾಕ್ರೀ, ಏನಾಯ್ತು?" ಅಕ್ಕ ಕೇಳಿದಳು.

"ಏನಿಲ್ಲ... ಫೋಟೋದಲ್ಲಿ ಉದ್ದ ಜಡೆ ಇತ್ತು."

ವೀಣಾಳ ಕೂದಲು ಭುಜದವರೆಗಷ್ಟೇ. ಅವಳು ಹುಡುಗನನ್ನು ನೇರವಾಗಿ ಕೇಳಿದಳು: "ನೀವು ಯಾವ ಬ್ರೌಸರ್‌ನಲ್ಲಿ ನೋಡಿದ್ರಿ?"

ಹೆಣ್ಣು ನೋಡುವ ಶಾಸ್ತ್ರದಲ್ಲಿ ಇಂಥ ಪ್ರಶ್ನೆ ಯಾರಾದರೂ ಕೇಳಿದ್ದುಂಟಾ?

ಇಬ್ಬರೂ ಮೂಲೆಯ ಕಂಪ್ಯೂಟರ್ ಮುಂದೆ ಹೋದರು. ಹಿಂದೆ ನಾವೆಲ್ಲ. ವೀಣಾ ಅದೇ ಪುಟವನ್ನು ಎರಡು ಬ್ರೌಸರ್‌ಗಳಲ್ಲಿ, ಅಂದರೆ ವೆಬ್‌ಸೈಟ್ ತೋರಿಸುವ ಎರಡು ಬೇರೆ ಬೇರೆ ತಂತ್ರಾಂಶಗಳಲ್ಲಿ, ತೆರೆದಳು. ಅವಳು ಬಳಸುವುದರಲ್ಲಿ ಅವಳ ಹೆಸರಿನ ಪಕ್ಕ ಅವಳದೇ ಮುಖ. ಹುಡುಗ ಬಳಸುವುದರಲ್ಲಿ ಫೋಟೋಗಳೆಲ್ಲ ಒಂದೊಂದು ಸಾಲು ಕೆಳಕ್ಕೆ ಜಾರಿದ್ದವು! ವೀಣಾಳ ಹೆಸರಿಗೆ ಮೇಲಿನ ಸಾಲಿನ ಉದ್ದ ಜಡೆಯ ಹುಡುಗಿ ಬಂದು ಕೂತಿದ್ದಳು.

"ಒಂದೇ ಬ್ರೌಸರ್‌ನಲ್ಲಿ ಟೆಸ್ಟ್ ಮಾಡಿ ಬಿಟ್ಟಿದಾರೆ. ನಮ್ ಆಫೀಸಲ್ಲೂ ದಿನಾ ಇದೇ ಗೋಳು. ಒಂದರಲ್ಲಿ ಸರಿ ಮಾಡಿದ್ರೆ ಇನ್ನೊಂದರಲ್ಲಿ ಕೆಡುತ್ತೆ" ಎಂದಳು ವೀಣಾ.

ಹುಡುಗ ನಕ್ಕ. "ನಾನು ಓದ್ಕೊಂಡು ಬಂದಿದ್ದು ನಿಮ್ಮ ಬಗ್ಗೇನೇ" ಎಂದ. ಅವನ ತಾಯಿ ನಗಲಿಲ್ಲ. ಅವರ ಕಣ್ಣು ಮೇಲಿನ ಸಾಲಿನಲ್ಲೇ ಇತ್ತು. "ಫೋನ್ ಮಾಡ್ತೀವಿ" ಎಂದು ಹೊರಟರು.

ಇನ್ನೂ ಮಾಡಿಲ್ಲ. ಅಕ್ಕ ಫೋನಿನ ಪಕ್ಕದಿಂದ ಏಳುತ್ತಿಲ್ಲ.

ನಿನ್ನೆ ಹೋದಾಗ ವೀಣಾ ಅದೇ ಪುಟದ ಮುಂದೆ ಕೂತಿದ್ದಳು. ಸೈಟ್‌ನವರಿಗೆ ಫೋನ್ ಮಾಡಿದ್ದಳಂತೆ. ಉತ್ತರ: "ನಮ್ಮಲ್ಲಿ ಸರಿಯಾಗೇ ಕಾಣ್ತಿದೆ ಮೇಡಂ."

"ಹೋಗ್ಲಿ ಬಿಡು. ಆ ಹುಡುಗ ಅಲ್ದಿದ್ರೆ ಇನ್ನೊಬ್ಬ" ಎಂದೆ.

"ಅದಲ್ಲ ಮಾಮ. ಇಲ್ನೋಡು." ಅವಳ ಬೆರಳು ತನ್ನ ಹೆಸರಿನ ಕೆಳಗಿನ ಸಾಲಿನಲ್ಲಿತ್ತು. ಕತ್ರಿಗುಪ್ಪೆಯ ಯಾರೋ ಹುಡುಗಿ. ಪಕ್ಕದಲ್ಲಿ ವೀಣಾಳ ಫೋಟೋ.

"ನನ್ನ ಮುಖ ನೋಡಿ ಇವಳ ಮನೆಗೆ ಹೋದವರು ಇವಳನ್ನ ಕಂಡು ಏನಂದಿರ್ತಾರೆ? ನನಗಾದ್ರೆ ಬ್ರೌಸರ್ ವಿಷಯ ಗೊತ್ತಿತ್ತು. ತಪ್ಪು ನಿಂದಲ್ಲ ಅಂತ ಇವಳಿಗೆ ಯಾರು ಹೇಳ್ತಾರೆ?"